ಊರ ಉಸಾಬರಿ ಹೊತ್ತವರು

ಆಗಸ್ಟ್ 15 ಇರಲಿ, ಜನವರಿ 26 ಇರಲಿ, ಶಾಲೆಯ ಅಂಗಳದಲ್ಲಿ ಧ್ವಜ ಏರಿದ ಮೇಲಿನ ಭಾಷಣಗಳಲ್ಲಿ ಒಂದು ಮಾತು ತಪ್ಪುವುದಿಲ್ಲ: ಹಕ್ಕು ಕೇಳುವವರು ಹೆಚ್ಚಾದರು, ಕರ್ತವ್ಯ ಮಾಡುವವರು ಕಡಿಮೆಯಾದರು. ಹೇಳುವವರು ಶಾಮಿಯಾನದ ನೆರಳಲ್ಲಿ ಕೂತಿರುತ್ತಾರೆ, ಕೇಳುವವರು ಬಿಸಿಲಲ್ಲಿ ನಿಂತಿರುತ್ತಾರೆ. ಸ್ವಾತಂತ್ರ್ಯ, ಧೈರ್ಯ, ವೈಯಕ್ತಿಕ ಹೊಣೆ, ಈ ಮೂರರ ನಂಟಿನ ಬಗ್ಗೆ ಜಗತ್ತಿನಲ್ಲಿ ಸಾಕಷ್ಟು ತತ್ತ್ವಶಾಸ್ತ್ರ ಬೆಳೆದಿದೆ. ಆದರೆ ಹೊಣೆಯನ್ನು ಯಾರು ಯಾರಿಗೆ ಬೋಧಿಸುತ್ತಿದ್ದಾರೆ ಎಂಬುದನ್ನು ನೋಡದೆ ಈ ಚರ್ಚೆಗೆ ಇಳಿದರೆ ಅದು ಬರೀ ಉಪದೇಶವಾಗುತ್ತದೆ. ಅದಕ್ಕಾಗಿ ಈ ಪ್ರಶ್ನೆಯನ್ನು ಒಂದು ಸೀಮೆಗೆ ಕಟ್ಟಿಹಾಕಿ ನೋಡೋಣ: ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಗಡಿಸೀಮೆಗೆ.

ಕರಣಕೋಟ ತಾಂಡೂರಿನ ಮಗ್ಗುಲಿನ ಊರು. ಹೊರಗಿನವರಿಗೆ ಅದು ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆ ಇರುವ ಊರೆಂದು ಗೊತ್ತು. ಸುತ್ತ ಫರಸಿ ಕಲ್ಲಿನ ಖಣಿಗಳು, ಅವುಗಳ ನಡುವೆ ತೊಗರಿ ಹೊಲಗಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಆಡುವ ಮಂದಿ ಇಲ್ಲಿ ಇಂದಿಗೂ ಇದ್ದಾರೆ. 1956ರ ನವೆಂಬರ್ 1ರವರೆಗೆ ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಮೈಸೂರು ರಾಜ್ಯಕ್ಕೆ ಹೋಯಿತು, ತಾಂಡೂರು ಮತ್ತು ಕೊಡಂಗಲ್ ಆಂಧ್ರಪ್ರದೇಶಕ್ಕೆ ಉಳಿದವು. ಯಾವ ರಾಜ್ಯದಲ್ಲಿ ಇರಬೇಕೆಂದು ಹಳ್ಳಿಯವರನ್ನು ಮನೆಮನೆಗೆ ಹೋಗಿ ಯಾರೂ ಕೇಳಲಿಲ್ಲ. ಆದರೆ ಆ ತೀರ್ಮಾನದ ಫಲ ಉಣ್ಣುವ ಹೊಣೆ ಅವರದೇ ಆಯಿತು. ಮಗುವಿನ ಶಾಲೆ ಯಾವ ಭಾಷೆಯದು, ಪಹಣಿ ಯಾವ ಲಿಪಿಯಲ್ಲಿ, ಹೆಣ್ಣು ಕೊಟ್ಟ ಊರು ಯಾವ ರಾಜ್ಯದಲ್ಲಿ, ಎಲ್ಲವನ್ನೂ ಅವರೇ ಸರಿದೂಗಿಸಿಕೊಳ್ಳಬೇಕಾಯಿತು.

ನನ್ನ ಮಾತಿನ ತಿರುಳು ಇಲ್ಲಿಂದಲೇ ಶುರು. ಯಾರಿಗೆ ಎಷ್ಟು ಸ್ವಾತಂತ್ರ್ಯವಿದೆಯೋ ಅವರಿಂದ ಅಷ್ಟು ಹೊಣೆ ಕೇಳುವುದು ನ್ಯಾಯ. ಅದಕ್ಕಿಂತ ಹೆಚ್ಚಿನದನ್ನು ಯಾರಾದರೂ ತಾವಾಗಿ ಹೊತ್ತರೆ ಅದನ್ನೇ ಧೈರ್ಯ ಎನ್ನಬೇಕು, ಮತ್ತು ಅದನ್ನು ಯಾರಿಂದಲೂ ಬಲವಂತವಾಗಿ ವಸೂಲಿ ಮಾಡುವಂತಿಲ್ಲ. ನಮ್ಮ ಸಾರ್ವಜನಿಕ ಬದುಕಿನಲ್ಲಿ ನಡೆಯುತ್ತಿರುವುದು ಇದರ ತದ್ವಿರುದ್ಧ. ಸ್ವಾತಂತ್ರ್ಯ ಕಡಿಮೆ ಇದ್ದವರಿಂದ ಧೈರ್ಯ ಕೇಳುತ್ತೇವೆ, ಹೆಚ್ಚು ಇದ್ದವರಿಂದ ಹೊಣೆಯನ್ನೂ ಕೇಳುವುದಿಲ್ಲ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸಭೆ ಸೇರಲು ಅಪ್ಪಣೆ ಬೇಕಿತ್ತು. ಅದನ್ನು ಕಡ್ಡಾಯ ಮಾಡಿದ ‘ಗಶ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರು ಆ ಕಾಲದ ಕಾರ್ಯಕರ್ತರ ಬಾಯಲ್ಲಿ ಬೈಗುಳದಂತೆ ಉಳಿದಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಕಣ್ಣು ಬಿಡುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಅಂಥ ಸಂಸ್ಥಾನದೊಳಗೆ ನಿಂತು ಮಾತಾಡಿದವರು ಸ್ವಾಮಿ ರಮಾನಂದ ತೀರ್ಥರು. 1903ರಲ್ಲಿ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ, ಕಾರ್ಮಿಕ ಸಂಘಟನೆಯ ಕೆಲಸ, ಮಾಸ್ತರಿಕೆ ಎರಡನ್ನೂ ಮಾಡಿ ಸನ್ಯಾಸ ತೆಗೆದುಕೊಂಡವರು. 1947ರ ಆಗಸ್ಟ್ 7ರಂದು ಭಾರತ ಒಕ್ಕೂಟ ಸೇರುವ ಚಳವಳಿಗೆ ಕರೆ ಕೊಟ್ಟರು. ದೇಶವೆಲ್ಲ ಹಬ್ಬ ಮಾಡುತ್ತಿದ್ದ ಆಗಸ್ಟ್ 15ರಂದೇ ಬಂಧನಕ್ಕೆ ಒಳಗಾದರು. ಮುಂದೆ 1952ರ ಮೊದಲ ಚುನಾವಣೆಯಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಹೋದರು. ಸಂಸ್ಥಾನದ ಹೊರಗೆ, ಗಡಿಯಾಚೆ ಶಿಬಿರಗಳಲ್ಲಿ ಸರದಾರ ಶರಣಗೌಡ ಇನಾಮದಾರರಂಥವರು ಬೇರೆ ದಾರಿ ಹಿಡಿದರು. ಈ ಕಥೆಗಳನ್ನು ನಮ್ಮ ಕಡೆ ಸಾಕಷ್ಟು ಹೇಳಿದ್ದಾರೆ, ಬರೆದಿದ್ದಾರೆ. ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ನಡೆಸಿದ ಕಗ್ಗೊಲೆಯ ನೆನಪೂ ಜನರಲ್ಲಿ ಹಸಿಯಾಗಿಯೇ ಇದೆ. ಅಲ್ಲಿ ಸ್ಮಾರಕವೂ ಆಗಿದೆ.

ಕಡಿಮೆ ಹೇಳಿದ ಕಥೆ ಇನ್ನೊಂದಿದೆ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಭಾರತದೊಂದಿಗೆ ವಿಲೀನ ಆಗಬೇಕೆಂದು ಬರೆದರು, ರಜಾಕಾರರನ್ನು ಖಂಡಿಸಿದರು. 1948ರ ಆಗಸ್ಟ್ 21-22ರ ನಡುವಿನ ರಾತ್ರಿ ಹೈದರಾಬಾದಿನಲ್ಲಿ ಅವರನ್ನು ಕೊಂದರು. ಬರೆದ ಕೈಯನ್ನೇ ಕಡಿದರು. ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ ಶುರುವಾಗುವುದಕ್ಕೆ ಆಗ ಒಂದು ತಿಂಗಳೂ ಇರಲಿಲ್ಲ. ಎದುರು ಪಾಳಯದ ವಿರುದ್ಧ ನಿಲ್ಲುವವನಿಗೆ ಹಿಂದೆ ತನ್ನ ಊರು, ತನ್ನ ಮಂದಿ ಇರುತ್ತಾರೆ. ತನ್ನವರೇ ಎನಿಸಿಕೊಂಡವರ ವಿರುದ್ಧ ನಿಲ್ಲುವವನ ಬೆನ್ನಿಗೆ ಯಾರಿದ್ದಾರು? ಖಾನ್ ಸಾಹೇಬರ ಕೈಯಲ್ಲಿ ಅಧಿಕಾರ ಇರಲಿಲ್ಲ, ಪಡೆ ಇರಲಿಲ್ಲ, ಸುಮ್ಮನಿದ್ದಿದ್ದರೆ ಯಾರೂ ಪ್ರಶ್ನಿಸುತ್ತಲೂ ಇರಲಿಲ್ಲ. ಇಡೀ ಸಂಸ್ಥಾನದ ತಪ್ಪಿಗೆ ತಾನೂ ಉತ್ತರ ಕೊಡಬೇಕಾದವನು ಎಂದು ಅವರು ನಡೆದುಕೊಂಡರು.

ಸೆಪ್ಟೆಂಬರ್ 13ಕ್ಕೆ ಸೇನೆ ಬಂತು, 17ಕ್ಕೆ ನಿಜಾಮರು ಶರಣಾದರು. ಸ್ವಾತಂತ್ರ್ಯ ಬಂದ ದಿನಗಳಲ್ಲೇ ಹೊಣೆಯ ಪ್ರಶ್ನೆ ತನ್ನ ಅತ್ಯಂತ ಕಠಿಣ ರೂಪದಲ್ಲಿ ಎದುರಾಯಿತು. ಕಾರ್ಯಾಚರಣೆಯ ಹೊತ್ತಿನಲ್ಲೂ ನಂತರವೂ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಪಂಡಿತ್ ಸುಂದರಲಾಲ್ ಅವರ ಸಮಿತಿಯನ್ನು ಕೇಂದ್ರ ಸರ್ಕಾರ ಕಳಿಸಿತು. ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಜೊತೆಗಿದ್ದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ಅವರು ಜಿಲ್ಲೆ ಸುತ್ತಿದರು. ಸತ್ತವರು ಬಹಳ ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಅಂದರೆ ನಾವು ಮಾತಾಡುತ್ತಿರುವ ಮೂರು ತಾಲ್ಲೂಕುಗಳು ಆಗ ಸೇರಿದ್ದ ಎರಡೂ ಜಿಲ್ಲೆಗಳು ಆ ಪಟ್ಟಿಯಲ್ಲಿವೆ. ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ಆ ವರದಿಯಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಒಂದೇ ಕಸುಬಿನವರಲ್ಲಿ ಅಣ್ಣತಮ್ಮಂದಿರ ಭಾವ ಗಟ್ಟಿಯಾಗಿತ್ತಂತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಹಿಂದೂಗಳಿಂದಲೇ ಕಾಪಾಡಿದರು. ಹಾಗೆ ಕಾಪಾಡುವಾಗ ಕೆಲವರು ತಮ್ಮ ಜೀವವನ್ನೂ ತೆತ್ತರು. ಅಪಹರಿಸಿದ ಹೆಣ್ಣುಮಕ್ಕಳನ್ನು ಮರಳಿ ತರಲು ಅನೇಕ ಹಿಂದೂಗಳು ನೆರವಾದರು. ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇವರಿಗೆ ಮತ್ತು ಶೋಯಬುಲ್ಲಾ ಖಾನರಿಗೆ ಪರಸ್ಪರ ಪರಿಚಯವಿರಲು ಸಾಧ್ಯವಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಅವರು ಒಂದೇ ಸಾಲಿನವರು. ನಮ್ಮ ವಿಮೋಚನೆಯ ಉತ್ಸವಗಳು ಶತ್ರುವನ್ನು ಎದುರಿಸಿದ ಧೈರ್ಯವನ್ನಷ್ಟೇ ಕೊಂಡಾಡಿ, ತಮ್ಮವರ ಕೈ ಹಿಡಿದು ತಡೆದ ಧೈರ್ಯವನ್ನು ಬಿಟ್ಟುಬಿಡುತ್ತವೆ. ಅದರಿಂದ ಚರಿತ್ರೆ ಅರ್ಧವಾಗುವುದಷ್ಟೇ ಅಲ್ಲ, ಮಕ್ಕಳಿಗೆ ಧೈರ್ಯದ ತಪ್ಪು ಪಾಠವೂ ಆಗುತ್ತದೆ.

ಈ ಬಗೆಯ ಪ್ರಶ್ನೆ ಕನ್ನಡಿಗರಿಗೆ ಹೊಸದೇನಲ್ಲ. ಇದೇ ಬೀದರ ಸೀಮೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬ್ರಾಹ್ಮಣ ಮೂಲದ ಮಧುವರಸನೂ ಸಮಗಾರ ಹರಳಯ್ಯನೂ ಬೀಗರಾಗಲು ಹೊರಟು ಪ್ರಾಣ ಕಳೆದುಕೊಂಡ ಕಥೆ ಶರಣ ಪರಂಪರೆಯಲ್ಲಿದೆ. ಮದುವೆಯ ಸ್ವಾತಂತ್ರ್ಯ ಅವರದು, ಧೈರ್ಯವೂ ಅವರದು. ಆಮೇಲೆ ಕಲ್ಯಾಣದಲ್ಲಿ ಹರಿದ ನೆತ್ತರಿನ ಹೊಣೆ ಯಾರದು? ಪಿ. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ಈ ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತವೆ. ಕಾರ್ನಾಡರು ಮಂಡಲ್-ಮಂದಿರಗಳ ಗದ್ದಲದ ಹೊತ್ತಿನಲ್ಲಿ, 1990ರ ಆಸುಪಾಸಿನಲ್ಲಿ ಇದನ್ನು ಕೈಗೆತ್ತಿಕೊಂಡದ್ದು ಆಕಸ್ಮಿಕವಲ್ಲ. ನನಗಂತೂ ಉತ್ತರ ಸ್ಪಷ್ಟ. ಕೊಲ್ಲುವ ಅಧಿಕಾರ ಇದ್ದದ್ದು ಅರಸನಿಗೆ. ಹೊಣೆಯೂ ಮೊದಲು ಅವನದೇ. ಮದುವೆ ಮಾಡಿದವರನ್ನು ‘ಇಷ್ಟಕ್ಕೆಲ್ಲ ನೀವೇ ಕಾರಣ’ ಎನ್ನುವ ಮಾತು ಇಂದಿಗೂ ಅಂತರ್ಜಾತಿ ವಿವಾಹದ ಕೊಲೆಗಳ ನಂತರ ಕೇಳಿಸುತ್ತದೆ.

ಪಶ್ಚಿಮದ ಚಿಂತಕರು ಈ ವಿಷಯದಲ್ಲಿ ಏನು ಹೇಳಿದರೆಂದು ಇಲ್ಲಿ ಪಟ್ಟಿ ಮಾಡುವುದಿಲ್ಲ. ಎರಿಕ್ ಫ್ರಾಮ್ 1941ರಲ್ಲಿ, ಜನ ಸ್ವಾತಂತ್ರ್ಯದ ಭಾರ ತಾಳದೆ ಅದರಿಂದ ಓಡಿಹೋಗಿ ಸರ್ವಾಧಿಕಾರಿಯ ಕಾಲಿಗೆ ಬೀಳುತ್ತಾರೆ ಎಂದು ವಾದಿಸಿದ. ಅಷ್ಟು ನೆನಪಿಟ್ಟುಕೊಂಡರೆ ಸಾಕು. ಅದಕ್ಕಿಂತ ನಮಗೆ ಹತ್ತಿರವಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ 1961-62ರಲ್ಲಿ ನಡೆಸಿದ ಪ್ರಯೋಗ. ಪಕ್ಕದ ಕೋಣೆಯವನಿಗೆ ವಿದ್ಯುತ್ ಆಘಾತ ಕೊಡಬೇಕೆಂದು ಬೂದು ಕೋಟಿನ ಮೇಲಧಿಕಾರಿ ಹೇಳುತ್ತಾನೆ. ಆಘಾತ ನಕಲಿ, ಆದರೆ ಗುಂಡಿ ಒತ್ತುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಒತ್ತಿದರು. ನಮ್ಮ ಕಚೇರಿಗಳ ಜಗಲಿಯಲ್ಲಿ ದಿನಾ ಕೇಳುವ ‘ನಾ ಏನ್ ಮಾಡ್ಲ್ರೀ, ಮ್ಯಾಲಿನವರು ಹೇಳ್ಯಾರ’ ಎಂಬ ಮಾತಿನ ಪ್ರಯೋಗಶಾಲೆಯ ರೂಪ ಇದು. ಎಲ್ಲರೂ ಈ 26ರ ಕಥೆ ಹೇಳಿ ಮನುಷ್ಯನ ಮೇಲೆ ನಿರಾಶರಾಗುತ್ತಾರೆ. ಅದೇ ಮಿಲ್‌ಗ್ರಾಮ್ ಇನ್ನೊಂದು ಬಗೆ ಮಾಡಿ ನೋಡಿದ: ಜೊತೆಗೆ ಕೂತ ಇಬ್ಬರು ಮಧ್ಯದಲ್ಲೇ ‘ನಾವು ಒಲ್ಲೆವು’ ಎಂದು ಎದ್ದುಬಿಡುತ್ತಾರೆ. ಆಗ ಕೊನೆಯವರೆಗೆ ಒತ್ತಿದವರು 40ರಲ್ಲಿ ನಾಲ್ವರು ಮಾತ್ರ. ಮನುಷ್ಯರು ಅದೇ ಬಗೆಯವರು, ಆಜ್ಞೆಯೂ ಅದೇ. ಬದಲಾದದ್ದು ಪಕ್ಕದಲ್ಲಿ ಕೂತವರು. ಧೈರ್ಯ ವೈಯಕ್ತಿಕ ಗುಣವೆಂದು ಭಾಷಣ ಮಾಡುವವರು ಈ ಎರಡನೆಯ ಅಂಕಿಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಹೊಣೆಯ ಮಾತು ಅಧಿಕಾರಸ್ಥರ ಬಾಯಲ್ಲಿ ಎಷ್ಟು ಬೇಗ ಆಯುಧವಾಗುತ್ತದೆ ಎನ್ನಲು ನಮ್ಮ ಸಂವಿಧಾನದಲ್ಲೇ ಒಂದು ದೃಷ್ಟಾಂತವಿದೆ. ಮೂಲಭೂತ ಕರ್ತವ್ಯಗಳ 51ಎ ವಿಧಿ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ. ಆಗ ತುರ್ತುಪರಿಸ್ಥಿತಿ. ಅದೇ ವರ್ಷದ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಬಂಧಿತನು ಬಿಡುಗಡೆಗಾಗಿ ಕೋರ್ಟಿಗೆ ಹೋಗುವಂತಿಲ್ಲ ಎಂಬ ಸರ್ಕಾರದ ವಾದ ಒಪ್ಪಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ಬೆಂಗಳೂರಿನ ಜೈಲಿನಲ್ಲಿ ನಲುಗಿದ ನಟಿ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ಪದ್ಮಭೂಷಣ ಹಿಂದಿರುಗಿಸಿದರು. ಹಕ್ಕುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವರೇ ಜನರಿಗೆ ಕರ್ತವ್ಯ ಕಲಿಸಿದರು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಪೂರ್ತಿಯಾಗುವುದಿಲ್ಲ. ಜೀತ ನಿರ್ಮೂಲನೆಯ ಕಾಯಿದೆಯೂ ಅದೇ 1976ರದು. ಪಟ್ಟಣದ ಪತ್ರಿಕೆಗಳು ಬಾಯಿ ಮುಚ್ಚಿದ್ದ ಹೊತ್ತಿನಲ್ಲಿ, ಗೌಡನ ಮನೆಯ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದ ಜೀತದಾಳಿಗೆ ಕಾಗದದ ಮೇಲಾದರೂ ಬಿಡುಗಡೆ ಸಿಕ್ಕಿತು. ಒಬ್ಬರ ಸ್ವಾತಂತ್ರ್ಯದ ಲೆಕ್ಕ ಇನ್ನೊಬ್ಬರ ಸ್ವಾತಂತ್ರ್ಯದ ಲೆಕ್ಕಕ್ಕೆ ತಾಳೆಯಾಗಬೇಕೆಂದೇನೂ ಇಲ್ಲ.

ಕಾಗದ ಬೇರೆ, ಖಣಿ ಬೇರೆ. ತಾಂಡೂರಿನ ಫರಸಿ ಪದರ ಪದರವಾಗಿ ಇರುವ ಸುಣ್ಣದಕಲ್ಲು. ಉಳಿ ಹೊಡೆದು, ಸಬ್ಬಲ್ ತೂರಿಸಿ ಮೀಟಿದರೆ ಚಪ್ಪಡಿ ಏಳುತ್ತದೆ. ಪಾಲಿಶ್ ಮಿಷನ್ ಮುಂದೆ ಬೂದುಬಣ್ಣದ ಕೆಸರಿನಲ್ಲಿ ನಿಂತವರ ಕಾಲು ಸಂಜೆಗೆ ಸುಕ್ಕುಗಟ್ಟಿರುತ್ತದೆ. ಇಂಥ ಕಡೆ ಒಬ್ಬರ ಬೆರಳು ಜಜ್ಜಿದರೆ ಮೊದಲು ಕೇಳಿಬರುವುದು ‘ಜ್ವಾಕಿಲೇ ಕೆಲ್ಸಾ ಮಾಡಬೇಕಿತ್ತು’ ಎಂಬ ಮಾತು. ವೈಯಕ್ತಿಕ ಹೊಣೆಯ ಸಿದ್ಧಾಂತ ಅದರ ಅತ್ಯಂತ ಅಗ್ಗದ ರೂಪದಲ್ಲಿ ಹೀಗಿರುತ್ತದೆ. ಮುಂಗಡದ ಸಾಲ ತೀರುವ ತನಕ ಆ ಕೆಲಸ ಬಿಡುವ ಸ್ವಾತಂತ್ರ್ಯ ಅವನಿಗಿತ್ತೇ, ಕೈಗವಸು ಕೊಡದ ಮಾಲೀಕನಿಗೆ ‘ಒಲ್ಲೆ’ ಎನ್ನುವಂತಿತ್ತೇ ಎಂದು ಕೇಳುವವರಿಲ್ಲ. 1952ರ ಗಣಿ ಕಾಯಿದೆ ಸುರಕ್ಷತೆಯ ಹೊಣೆಯನ್ನು ಮಾಲೀಕ, ಏಜೆಂಟ್, ಮ್ಯಾನೇಜರ್ ತಲೆಯ ಮೇಲೆ ಇಟ್ಟಿತು. ಊರಿನ ಮಾತು ಅದನ್ನು ಕೂಲಿಯವನ ತಲೆಗೆ ಇಳಿಸುತ್ತದೆ.

ಮಕ್ಕಳ ದುಡಿಮೆಯ ವಿಷಯದಲ್ಲೂ ಇದೇ ವಾದವಿತ್ತು: ತಂದೆತಾಯಿಗೆ ಹೊಣೆಗಾರಿಕೆ ಇಲ್ಲ, ಹೊಟ್ಟೆಗಾಗಿ ಮಗುವನ್ನು ಜೀತಕ್ಕೆ ಬಿಡುತ್ತಾರೆ. ತಾಂಡೂರು ಸೇರಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿ 1990ರ ದಶಕದ ಆರಂಭದಿಂದ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ಮಾಡಿದ ಕೆಲಸ ಈ ವಾದವನ್ನು ತಲೆಕೆಳಗು ಮಾಡಿತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ಶಾಲೆ ಸೇರಿಸಿಕೊಳ್ಳಲು ಸಿದ್ಧವಾದ ಕೂಡಲೇ ಬಡ ತಂದೆತಾಯಿ ತಾವು ಹೆಚ್ಚು ದುಡಿದು, ಕಡಿಮೆ ಉಂಡು ಮಗುವನ್ನು ಕಳಿಸಿದರು. ಅಡ್ಡ ಬಂದದ್ದು ಸೇರಿಸಿಕೊಳ್ಳದ ಶಾಲೆ, ವಯಸ್ಸಿನ ದಾಖಲೆ ಕೇಳುವ ಗುಮಾಸ್ತ, ಅಗ್ಗದ ಆಳು ಬೇಕಾದ ಜಮೀನುದಾರ. 2003ರಲ್ಲಿ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮಗುವಿನ ಹಕ್ಕಾಗಿಯೂ, ಮಗುವಿಗೆ ಕಲಿಯುವ ಅವಕಾಶ ಕೊಡುವುದನ್ನು ತಂದೆತಾಯಿಯ ಕರ್ತವ್ಯವಾಗಿಯೂ ಒಟ್ಟಿಗೇ ಬರೆಯಿತು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಹಕ್ಕು ಮತ್ತು ಹೊಣೆ ಒಂದೇ ದಿನ ಕೈಗೆ ಬಂದ ಇಂಥ ಉದಾಹರಣೆ ನಮ್ಮಲ್ಲಿ ಅಪರೂಪ.

ಜೋಗಿಣಿ ಪದ್ಧತಿಯದೂ ಇದೇ ಜಾಡು. ಅದನ್ನು ತಡೆಯಲು ಕರ್ನಾಟಕದಲ್ಲಿ ಬಂದದ್ದು 1982ರ ಕಾಯಿದೆ, ಆಂಧ್ರದಲ್ಲಿ 1988ರದು. ಎಳೆಯ ಹುಡುಗಿಯನ್ನು ದೇವರಿಗೆ ಬಿಟ್ಟವರು ಊರ ಹಿರಿಯರು. ‘ಕೆಟ್ಟವಳು’ ಎನಿಸಿಕೊಂಡವಳು ಆ ಹುಡುಗಿ.

ಈಗ ಜಹೀರಾಬಾದಿಗೆ ಬರೋಣ. ಈ ಪ್ರಶ್ನೆಗೆ ನಮ್ಮ ಸೀಮೆ ಕೊಟ್ಟ ಅತ್ಯುತ್ತಮ ಉತ್ತರ ಅಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ ಪಿ.ವಿ. ಸತೀಶ್ ದೂರದರ್ಶನದ ಕೆಲಸದಲ್ಲಿದ್ದವರು. 1983ರಲ್ಲಿ ಗೆಳೆಯರೊಂದಿಗೆ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವ ತನಕ ಅದರ ಕೆಲಸದಲ್ಲೇ ಇದ್ದರು. ಸಂಸ್ಥೆ ಹುಟ್ಟಿದ ವರ್ಷವೇ ಎನ್.ಟಿ. ರಾಮರಾವ್ ಸರ್ಕಾರದ ಎರಡು ರೂಪಾಯಿ ಕಿಲೋ ಅಕ್ಕಿ ಬಂತು. ಹಸಿವಿಗೆ ಅದು ದೊಡ್ಡ ಆಸರೆಯೇ. ಆದರೆ ಜೋಳ, ನವಣೆ, ಸಜ್ಜೆ ಬೆಳೆಯುತ್ತಿದ್ದ ಕೆಂಪು ಮರಡಿ ಹೊಲಗಳು ಬೀಳುಬಿದ್ದವು. ತಟ್ಟೆಯಲ್ಲಿದ್ದ ರೊಟ್ಟಿ ಜಾಗ ಖಾಲಿ ಮಾಡಿತು. ಬೀಜ ಮನೆಯಲ್ಲಿಲ್ಲ, ಕೂಲಿ ಗೌಡನ ಕೈಯಲ್ಲಿ, ಅಕ್ಕಿ ಸರ್ಕಾರದ ಕೈಯಲ್ಲಿ. ದಲಿತ ಹೆಣ್ಣುಮಕ್ಕಳಿಗೆ ತೀರ್ಮಾನ ಮಾಡಲು ಉಳಿದದ್ದೇನು?

ಅವರು ಸಂಘ ಕಟ್ಟಿಕೊಂಡು ತೀರ್ಮಾನಗಳನ್ನು ಒಂದೊಂದಾಗಿ ಮರಳಿ ಪಡೆದರು. ಬೀಳುಭೂಮಿಯನ್ನು ಉಳುಮೆಗೆ ತಂದರು, ಗುಂಪಾಗಿ ಹೊಲ ಗುತ್ತಿಗೆ ಹಿಡಿದರು. ಬೀಜದ ಬುಟ್ಟಿಗಳನ್ನು ಬೂದಿ, ಬೇವಿನೆಲೆ ಹಾಕಿ ಕಾಪಿಟ್ಟರು. ಬೀಜ ಒಯ್ದವರು ಸುಗ್ಗಿಯಲ್ಲಿ ಒಂದಕ್ಕೆರಡು ಮರಳಿಸಬೇಕು. 1990ರ ದಶಕದ ನಡುವೆ ತಮ್ಮದೇ ಜೋಳದ ಪಡಿತರ ವ್ಯವಸ್ಥೆ ಶುರುಮಾಡಿದಾಗ ಊರಲ್ಲಿ ಯಾರು ಬಡವರು ಎಂಬ ಪಟ್ಟಿ ಕಚೇರಿಯಿಂದ ಬರಲಿಲ್ಲ. ನೆಲದ ಮೇಲೆ ಊರಿನ ನಕ್ಷೆ ಬರೆದು, ಒಂದೊಂದು ಮನೆಯ ಸ್ಥಿತಿ ಎಂಥದು ಎಂದು ಎಲ್ಲರೆದುರು ಮಾತಾಡಿ ಗುರುತು ಹಾಕಿದರು. ಹೆಚ್ಚು ಬಡತನಕ್ಕೆ ಹೆಚ್ಚು ಜೋಳ. ನಿನ್ನ ಮನೆಗೆ ಇಷ್ಟು ಸಾಕು ಎಂದು ನೆರೆಯವಳ ಮುಖ ನೋಡಿ ಹೇಳುವುದು, ಅವಳ ಮುಖ ನೋಡಿ ಅದನ್ನು ಒಪ್ಪುವುದು, ಎರಡಕ್ಕೂ ಬೇಕಾದ ಎದೆಗಾರಿಕೆ ಭಾಷಣಕ್ಕೆ ಬೇಡ. ರೇಷನ್ ಕಾರ್ಡಿನ ಪಟ್ಟಿ ಹೀಗೆ ಬಯಲಲ್ಲಿ ಆಗಿದ್ದರೆ ಎಷ್ಟು ಕಾರ್ಡು ಮಾಯವಾಗುತ್ತಿದ್ದವೋ!

ಆಮೇಲೆ ಅವರು ಕ್ಯಾಮೆರಾ ಹಿಡಿದರು. ಅಕ್ಷರ ಬಾರದ ಹೆಣ್ಣುಮಕ್ಕಳು ವಾರಂಗಲ್ಲಿಗೆ ಹೋಗಿ ಬಿಟಿ ಹತ್ತಿ ಬೆಳೆದ ರೈತರ ಮಾತನ್ನು ಚಿತ್ರೀಕರಿಸಿದರು. ರೇಡಿಯೊ ಕಥೆ ಇನ್ನೂ ಉದ್ದ. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ಹೇಳಿತ್ತು. ಮಾಚನೂರಿನಲ್ಲಿ ಸ್ಟುಡಿಯೊ ಕೆಲವೇ ವರ್ಷಗಳಲ್ಲಿ ಸಿದ್ಧವಾಯಿತು, ಪರವಾನಗಿ ಮಾತ್ರ ಬರಲಿಲ್ಲ. ಸುಮ್ಮನೆ ಕೂಡದೆ ಕಾರ್ಯಕ್ರಮ ಧ್ವನಿಮುದ್ರಿಸಿ, ಸಂಘದ ಸಭೆಗಳಲ್ಲಿ ಕ್ಯಾಸೆಟ್ ಹಾಕಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಪ್ರಸಾರ ಶುರುವಾಯಿತು. ಪ್ರಸಾರದ ಸ್ವಾತಂತ್ರ್ಯ ಕೈಗೆ ಬರುವ ಹೊತ್ತಿಗೆ ಅದನ್ನು ನಡೆಸುವ ಹೊಣೆ ಅವರಿಗೆ ರೂಢಿಯಾಗಿಹೋಗಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಈ ಸಂಘಗಳಿಗೆ ಬಂತು.

ಇದೆಲ್ಲ ಬಂಗಾರದ ಕಥೆಯೇನಲ್ಲ. ಈ ಸಂಘಗಳು ಸುಮಾರು 75 ಹಳ್ಳಿಗಳ ಆಚೆ ಅಷ್ಟಾಗಿ ಹಬ್ಬಲಿಲ್ಲ. ಸುತ್ತಲಿನ ರೈತರಲ್ಲಿ ಅನೇಕರು ಕಬ್ಬು, ಹತ್ತಿಗಳ ಕಡೆಗೇ ನಡೆದರು. ಹೊರಗಿನ ನೆರವಿಲ್ಲದೆ ಇಂಥ ಪ್ರಯೋಗ ಎಷ್ಟು ಕಾಲ ನಿಲ್ಲಬಲ್ಲದು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಒಂದು ಮಾತು ಇದರಿಂದ ಸಾಬೀತಾಯಿತು. ‘ನಮಗ್ಯಾಕ ಬೇಕು ಊರ ಉಸಾಬರಿ’ ಎಂದು ಹೇಳಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದವರೇ ಆ ಉಸಾಬರಿಯನ್ನು ಹೊತ್ತರು, ಮತ್ತು ಅವರಲ್ಲಿ ಯಾರೂ ಒಬ್ಬರೇ ಹೊರಲಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ಗಡಿಯ ಕನ್ನಡಿಗರಾದ ನಾವು ಇಂಥ ಸಂಘ ಕಟ್ಟಲಿಲ್ಲ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಕೊಡುವ ಯತ್ನ ಮಾಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದು ಬಂದದ್ದೂ 1956ರಲ್ಲೇ. 2018ರ ತೆಲಂಗಾಣ ಕಾಯಿದೆ ಶಾಲೆಗಳಲ್ಲಿ ತೆಲುಗು ಕಡ್ಡಾಯ ಮಾಡಿತು. ಅದರಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ, ಇದ್ದ ನಾಡಿನ ಭಾಷೆ ಕಲಿಯಬೇಕಾದದ್ದೇ. ಕನ್ನಡವೂ ಬೇಕೆಂದು ಅರ್ಜಿ ಹಿಡಿದು ನಿಲ್ಲುವವರು ಎಷ್ಟು ಜನ? ಕರಣಕೋಟದ ಕೂಲಿಕಾರ ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರೆ ಅವನನ್ನು ನಾನು ದೂರುವುದಿಲ್ಲ. ಕಲಬುರಗಿ, ಬೆಂಗಳೂರುಗಳಲ್ಲಿ ಕೂತು ಗಡಿನಾಡ ಉತ್ಸವದಲ್ಲಿ ಹಾರ ಹಾಕಿಸಿಕೊಳ್ಳುವವರಿಗೆ ಅವನಿಗಿಂತ ನೂರುಪಟ್ಟು ಸ್ವಾತಂತ್ರ್ಯವಿದೆ. ಲೆಕ್ಕ ಕೇಳಬೇಕಾದದ್ದು ಅವರನ್ನು.

ಲೆಕ್ಕ ಕೇಳುವ ಜಾಗಗಳು ನಮ್ಮಲ್ಲಿ ಇಲ್ಲದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಉದ್ಯೋಗ ಖಾತ್ರಿ ಕೆಲಸದ ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ ಅವಿಭಜಿತ ಆಂಧ್ರಪ್ರದೇಶ ದೇಶಕ್ಕೇ ಮಾದರಿಯಾಗಿತ್ತು. ತೆಲಂಗಾಣದ 2018ರ ಪಂಚಾಯತ್‌ರಾಜ್ ಕಾಯಿದೆಯಂತೆ ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು. ಸಭೆಯಲ್ಲಿ ಕುರ್ಚಿ ಖಾಲಿ ಇರುತ್ತವೆ, ರಿಜಿಸ್ಟರಿನಲ್ಲಿ ಸಹಿ ತುಂಬಿರುತ್ತವೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ, ಫಲಾನುಭವಿಗಳ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಒಬ್ಬರೇ ಹೋಗಬೇಡಿ, ಪಕ್ಕದಲ್ಲಿ ಎದ್ದು ನಿಲ್ಲುವ ಇಬ್ಬರನ್ನು ಕರೆದುಕೊಂಡು ಹೋಗಿ.